ಕೂಗಿ ನೋಡಿ, ಆಮೇಲೆ ಬರೆಸಿ

(ಮಗುವಿನ ನಿರೀಕ್ಷೆಯಲ್ಲಿರುವ ತಂದೆ ತಾಯಂದಿರು ಮತ್ತು ಅವರ ಮನೆಯ ಹಿರಿಯರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಇಲ್ಲಿ ಕೂತಿರುವ ಬಹಳಷ್ಟು ಜನರ ಮೊಬೈಲಿನಲ್ಲಿ ಈಗಾಗಲೇ ಒಂದು ಪಟ್ಟಿ ಇರುತ್ತದೆ. ಎಡಗಡೆ ಹೆಸರು, ಬಲಗಡೆ ಅರ್ಥ. 'ಸೂರ್ಯನ ಮೊದಲ ಕಿರಣ', 'ವಿಷ್ಣುವಿನ ಇನ್ನೊಂದು ಹೆಸರು', ಹೀಗೆ. ಆ ಹೆಸರನ್ನು ಮನೆಮಂದಿ ಹೇಗೆ ಕೂಗುತ್ತಾರೆ ಅನ್ನುವುದಕ್ಕೆ ಮಾತ್ರ ಪಟ್ಟಿಯಲ್ಲಿ ಜಾಗವಿಲ್ಲ. ಅರ್ಥವನ್ನು ವರ್ಷಕ್ಕೆ ಒಬ್ಬರೋ ಇಬ್ಬರೋ ಕೇಳಿಯಾರು. ಕೂಗುವುದು ಬೆಳಗ್ಗೆ ಏಳುವಾಗಿನಿಂದ ರಾತ್ರಿ ಮಲಗುವ ತನಕ ನಡೆಯುತ್ತದೆ. ನಾಮಕರಣದ ಶಾಸ್ತ್ರದಲ್ಲೂ ಎರಡು ಭಾಗ ಇದೆಯಲ್ಲ? ಹರಿವಾಣದಲ್ಲಿ ಅಕ್ಕಿ ಹರಡಿ ಚಿನ್ನದ ಉಂಗುರದಲ್ಲಿ ಹೆಸರು ಬರೆಯುವುದು ಒಂದು, ಮಗುವಿನ ಕಿವಿಯಲ್ಲಿ ಮೂರು ಸಲ ಹೇಳುವುದು ಇನ್ನೊಂದು. ನಾವು ಈಚೆಗೆ ಬರೆಯುವ ಭಾಗದ ಬಗ್ಗೆಯೇ ತಲೆ ಕೆಡಿಸಿಕೊಂಡು ಹೇಳುವ ಭಾಗವನ್ನು ಮರೆತಿದ್ದೇವೆ. ಹಾಗಾಗಿ ಇವತ್ತು ಸದ್ದಿನ ಮಾತು.

ಮೊದಲ ಪರೀಕ್ಷೆ ತೀರಾ ಸರಳ. ಒಬ್ಬರು ಅಡುಗೆಮನೆಯಲ್ಲಿ ನಿಂತು, ಮಿಕ್ಸಿ ಹಾಕಿಕೊಂಡು, ಹೆಸರು ಕೂಗಿ. ಇನ್ನೊಬ್ಬರು ಹೊರಗಿನ ಕೋಣೆಯಲ್ಲಿ ಕೂತು ಕೇಳಿದ್ದನ್ನು ಬರೆದುಕೊಳ್ಳಿ. ಕನ್ನಡದಲ್ಲಿ ಕೂಗುವುದು ಅಂದರೆ ಕೊನೆಯ ಸ್ವರವನ್ನು ಎಳೆಯುವುದು. ರಾಮಾ, ಶಾಂತೀ, ಮಧೂ. ದೂರಕ್ಕೆ ಹೋಗುವುದು ಆ ಎಳೆದ ಸ್ವರವೇ. ಈಗಿನ ಹೆಸರುಗಳಲ್ಲಿ ಕೊನೆಗೆ ಸ್ವರವೇ ಇರುವುದಿಲ್ಲ: ವೇದ್, ನೀಲ್, ವಿರಾಜ್. ಎಳೆಯೋಣ ಅಂದರೆ ಹಿಡಿಯುವುದಕ್ಕೆ ಏನೂ ಸಿಗದು. 'ವೇದ್' ಅಂತ ಕೂಗಿದರೆ ಕೊನೆಯ 'ದ್' ಬಾಯಿಂದ ಹೊರಡುವಷ್ಟರಲ್ಲೇ ಸತ್ತಿರುತ್ತದೆ. ಕೇಳುವವರಿಗೆ ಅದು ವೇದ್ ಆದರೂ ಒಂದೇ, ವೇಗ್ ಆದರೂ ಒಂದೇ. ಎರಡೇ ದಿನದಲ್ಲಿ ಅಜ್ಜಿ ಅದನ್ನು 'ವೇದು' ಮಾಡಿರುತ್ತಾರೆ, ಇಲ್ಲವೇ 'ವೇದಾ' ಮಾಡಿರುತ್ತಾರೆ. ಅಜ್ಜಿಯದು ತಪ್ಪಲ್ಲ. ಕನ್ನಡದ ಬಾಯಿ ಪದದ ಕೊನೆಗೆ ಒಂದು ಸ್ವರ ಕೇಳುತ್ತದೆ, ಬಸ್ಸು, ಕಾರು, ಬ್ಯಾಂಕು ಅಂದ ಹಾಗೆ. 'ವೇದು' ನಿಮಗೆ ಒಪ್ಪಿಗೆಯಾ ಅಂತ ಮೊದಲೇ ಕೇಳಿಕೊಳ್ಳಿ. ಒಪ್ಪಿಗೆ ಇದ್ದರೆ 'ವೇದ್' ಇಡಿ, ತೊಂದರೆಯಿಲ್ಲ.

ಕನ್ನಡದ ಬಾಯಿ ಇನ್ನೂ ಏನೇನು ಮಾಡುತ್ತದೆ ನೋಡೋಣ. ಮೂರು ಅಕ್ಷರದ ಹೆಸರಿನ ನಡುವಿನ ಸ್ವರವನ್ನು ನುಂಗುತ್ತದೆ. ಕಮಲ ಕಮ್ಲ ಆಗುತ್ತಾಳೆ, ಮಾನಸ ಮಾನ್ಸ, ಭರತ ಬರ್ತ. ಒತ್ತಕ್ಷರದಿಂದ ಶುರುವಾಗುವ ಹೆಸರನ್ನು ಬಿಡಿಸಿಕೊಳ್ಳುತ್ತದೆ. ಪ್ರಕಾಶ ಹಳ್ಳಿಯಲ್ಲಿ ಪರ್ಕಾಸ, ಧ್ರುವ ಅಲ್ಲಿ ದುರ್ವ. ಹಳೇ ಮೈಸೂರಿನ ಕಡೆ 'ಹ' ಬಿದ್ದುಹೋಗಿ ಹೇಮಂತ ಏಮಂತನಾಗುತ್ತಾನೆ, ರಾಹುಲ್ ರಾವುಲ್ ಆಗುತ್ತಾನೆ. 'ಶ' 'ಸ' ಆಗುತ್ತದೆ. ಏಕಾಂತ ಯೇಕಾಂತನಾಗುತ್ತಾನೆ, ಓಂಕಾರ ವೋಂಕಾರನಾಗುತ್ತಾನೆ. ಮುಸ್ಲಿಂ ಮನೆಗಳಲ್ಲೂ ಇದೇ ಕಥೆ. 'ಫಾತಿಮಾ' ಅನ್ನುವಲ್ಲಿ ತುಟಿ ಹಲ್ಲಿಗೆ ತಾಗಿ ಹೊರಡಬೇಕಾದ ಸದ್ದು ಪಕ್ಕದ ಮನೆಯವರ ಬಾಯಲ್ಲಿ 'ಪಾತಿಮಾ' ಆಗುತ್ತದೆ. ಜೈನಬ್ ಮತ್ತು ಜಾಕಿರ್‌ನ ಮೊದಲ ಅಕ್ಷರಕ್ಕೆ ಅರಬ್ಬಿಯಲ್ಲಿರುವ ಸದ್ದು ನಮ್ಮ ಅಕ್ಷರಮಾಲೆಯಲ್ಲಿ ಇಲ್ಲ. ಚುಕ್ಕಿ ಇಟ್ಟು ಬರೆಯಬಹುದು, ಓದುವವರು ಚುಕ್ಕಿ ನೋಡುವುದಿಲ್ಲ.

ಇದರಲ್ಲಿ ಹೆಚ್ಚು ಗಮನ ಕೊಡಬೇಕಾದ್ದು ಮಹಾಪ್ರಾಣಕ್ಕೆ. ಮಾತಿನಲ್ಲಿ ಘ, ಧ, ಭ ನಮ್ಮಲ್ಲಿ ಬಹುಪಾಲು ಗ, ದ, ಬ ಆಗಿಬಿಡುತ್ತವೆ. ಹೆಚ್ಚಿನ ಹೆಸರುಗಳಿಗೆ ಇದರಿಂದ ಏನೂ ಆಗುವುದಿಲ್ಲ. ಭಾನು ಬಾನು ಆದರೆ ಸೂರ್ಯನ ಬದಲು ಆಕಾಶ ಸಿಕ್ಕಿತು, ನಷ್ಟವಿಲ್ಲ. ಆದರೆ 'ಧನ' ಅಂತ ಶುರುವಾಗುವ ಹೆಸರು ಆರಿಸುವಾಗ ಒಂದು ಕ್ಷಣ ನಿಲ್ಲಿ. ಧನಂಜಯ, ಧನರಾಜ್, ಧನಲಕ್ಷ್ಮಿ ಎಲ್ಲವೂ ಒಳ್ಳೆಯ ಹೆಸರುಗಳೇ. ಶಾಲೆಯಲ್ಲಿ ಮಕ್ಕಳು ಅದನ್ನು ಮೊದಲ ಎರಡು ಅಕ್ಷರಕ್ಕೆ ಮೊಟಕು ಮಾಡಿದಾಗ ಕೇಳುವುದು 'ದನ'. ಧನಂಜಯನನ್ನು ಮನೆಯಲ್ಲಿ ಮೊದಲಿನಿಂದಲೇ 'ಜಯ' ಅಂತ ಕರೆದರೆ ಮೊಟಕಾಗುವ ಹೆಸರು ಯಾವುದು ಅನ್ನುವುದನ್ನು ನೀವೇ ನಿರ್ಧರಿಸಿದ ಹಾಗಾಯಿತು.

ಮೊಟಕು ಹೆಸರಿಗೆ ಕನ್ನಡದಲ್ಲಿ ಒಂದು ಅಚ್ಚು ಇದೆ. ಮೊದಲ ಅಕ್ಷರ ಉಳಿಯುತ್ತದೆ, ಮುಂದಿನ ವ್ಯಂಜನ ಹಲವು ಸಲ ದ್ವಿತ್ವವಾಗುತ್ತದೆ, ಕೊನೆಗೆ ಉ ಅಥವಾ ಇ. ಸುಬ್ರಹ್ಮಣ್ಯ ಸುಬ್ಬು, ಪದ್ಮಾ ಪದ್ದು, ಕೃಷ್ಣ ಕಿಟ್ಟಿ, ಲಕ್ಷ್ಮಿ ಲಚ್ಚಿ, ವೆಂಕಟೇಶ ವೆಂಕಿ, ಐಶ್ವರ್ಯ ಐಶು. ಈ ಅಚ್ಚಿನಲ್ಲಿ ನಿಮ್ಮ ಪಟ್ಟಿಯ ಹೆಸರುಗಳನ್ನು ಒಂದೊಂದಾಗಿ ಹಾಕಿ ನೋಡಿ. ಕಪಿಲ ಇದೆಯಾ? ಕಪಿ. ಕೋಮಲ? ಕೋಮು. ನಾಯನಿಕಾ, ನಾಯ್ರಾ ಅಂತ ಈಗ ಇಡುತ್ತಿದ್ದಾರೆ. ಕೇಳುವುದಕ್ಕೆ ಚೆನ್ನ, ಕಣ್ಣಿಗೂ ಚೆನ್ನ. ಅಚ್ಚಿಗೆ ಹಾಕಿದ ತಕ್ಷಣ ನಾಯಿ ಬರುತ್ತದೆ. ಕೊನೆಯ ಅಕ್ಷರಗಳನ್ನೂ ಬಿಡಬೇಡಿ. ಋತಿಕಾ, ಕೃತಿಕಾ ಇಂಥ ಹೆಸರುಗಳ ಕೊನೆಯ ಎರಡು ಅಕ್ಷರವನ್ನು ಮೂರನೇ ಕ್ಲಾಸಿನ ಹುಡುಗರು ಬೇರ್ಪಡಿಸಿ ಓದುತ್ತಾರೆ, ಆ ವಯಸ್ಸಿಗೆ ಅದಕ್ಕಿಂತ ದೊಡ್ಡ ನಗೆ ಇನ್ನೊಂದಿಲ್ಲ. ನೀವೂ ಈಗ ಮನಸ್ಸಿನಲ್ಲೇ ಓದಿ ನಕ್ಕಿರಿ, ನೋಡಿದೆ.

ಇನ್ನೊಂದು ಕಡೆ ಕನ್ನಡ ಹೆಸರನ್ನು ಕಚ್ಚುತ್ತದೆ, ಅದನ್ನು ಯಾರೂ ನಿರೀಕ್ಷಿಸಿರುವುದಿಲ್ಲ. ನಮ್ಮ ಮಾತಿನಲ್ಲಿ ಲೋಪಸಂಧಿ ಸದಾ ನಡೆಯುತ್ತಿರುತ್ತದೆ. 'ನಮ್ಮ ಅದಿತಿ' ಅಂತ ಯಾರೂ ಬಿಡಿಸಿ ಹೇಳುವುದಿಲ್ಲ, 'ನಮ್ಮದಿತಿ' ಅನ್ನುತ್ತೇವೆ. ಪುರಾಣದಲ್ಲಿ ಅದಿತಿ ದೇವತೆಗಳ ತಾಯಿ, ದಿತಿ ದೈತ್ಯರ ತಾಯಿ. ಇದು ವಿನೋದ ಅಷ್ಟೇ, ಯಾರಿಗೂ ಹೊಳೆಯುವುದಿಲ್ಲ. ಸಂಸ್ಕೃತದಲ್ಲಿ 'ಇಲ್ಲ' ಅನ್ನುವ ಅರ್ಥದ 'ಅ' ಸೇರಿಸಿ ಮಾಡಿದ ಹೆಸರುಗಳು ಬಹಳ ಇವೆ. ಅಜಯ, ಅಮೋಘ, ಅನಘ, ಅಭಯ, ಅಮಲ. ಮೊದಲ 'ಅ' ಕರಗಿದರೆ ಅಜಯನಿಗೆ ಜಯ ಉಳಿಯುತ್ತದೆ, ಸಂತೋಷ. ಅಭಯನಿಗೆ ಭಯ ಉಳಿಯುತ್ತದೆ. ಅಮಲಾಳಿಗೆ ಏನು ಉಳಿಯುತ್ತದೆ ಅನ್ನುವುದನ್ನು ನೀವೇ ಹೇಳಿಕೊಳ್ಳಿ. ಜೊತೆಗೆ ಕನ್ನಡದಲ್ಲಿ 'ಅಮಲು' ಬೇರೆ ಇದೆ. ಅದೇ ಅರ್ಥದ ವಿಮಲಾ, ನಿರ್ಮಲಾ ಇರುವಾಗ ಅಮಲಾ ಇಡುವವರು ಕಡಿಮೆ ಆಗಿರುವುದು ಸುಮ್ಮನೆ ಅಲ್ಲ ಅಂತ ನನ್ನ ಊಹೆ.

ಮುಂದಿನದು ವಿಭಕ್ತಿ. ಹೆಸರನ್ನು ನಾವು ಬರಿದಾಗಿ ಹೇಳುವುದು ಕಡಿಮೆ. 'ಪವನಂಗೆ ಹಾಲು ಕೊಟ್ಯಾ', 'ಪವನನ ಚಪ್ಪಲಿ ಎಲ್ಲಿ', ಹೀಗೆ ಪ್ರತ್ಯಯ ಹತ್ತಿಸಿಯೇ ಹೇಳುತ್ತೇವೆ. 'ನ' ಕೊನೆಗೆ ಬರುವ ಗಂಡು ಹೆಸರಿಗೆ ಬರವಣಿಗೆಯಲ್ಲಿ ದ್ವಿತೀಯಾ ವಿಭಕ್ತಿ ಹಚ್ಚಿ ನೋಡಿ: ಪವನನನ್ನು, ಚೇತನನನ್ನು, ಅರ್ಜುನನನ್ನು. ಸಾಲಾಗಿ 'ನ'ಗಳು. ಮಾತಿನಲ್ಲಿ ಇದು 'ಪವನನ್ನ' ಅಂತ ಸವೆದುಕೊಳ್ಳುತ್ತದೆ, ಹಾಗಾಗಿ ದೋಷ ಅಂತ ಹೇಳಲಾರೆ. ಹೆಣ್ಣು ಹೆಸರಲ್ಲಿ ತೊಡಕು ಬೇರೆ. ಚಂದನ, ಸಿಂಚನ, ಸ್ಪಂದನ, ಕವನ ನಮ್ಮಲ್ಲಿ ಹೆಣ್ಣುಮಕ್ಕಳ ಹೆಸರು. ಹಾಜರಿ ಪುಸ್ತಕದಲ್ಲಿ ಬರೀ 'ಚಂದನ' ಅಂತ ಇದ್ದರೆ ಹೊಸ ಮೇಷ್ಟರಿಗೆ ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಉತ್ತರ ಭಾರತದವರಂತೂ ಕೊನೆಯ 'ಅ' ನುಂಗಿ 'ಚಂದನ್', 'ಕವನ್' ಅನ್ನುತ್ತಾರೆ, ಹುಡುಗನೇ ಆಗಿಬಿಟ್ಟ. ಕಿರಣ್ ನಮ್ಮಲ್ಲಿ ಹೆಚ್ಚಾಗಿ ಹುಡುಗ, ಅಲ್ಲಿ ಹೆಣ್ಣುಮಕ್ಕಳಿಗೂ ಇಡುತ್ತಾರೆ. ಹೆಣ್ಣು ಮಗುವಿಗೆ ಇಂಥ ಹೆಸರು ಇಡುವುದಾದರೆ ಕನ್ನಡದಲ್ಲಿ ದೀರ್ಘವಾಗಿ 'ಚಂದನಾ' ಅಂತಲೇ ಬರೆಸಿ. ವ್ಯಾಕರಣದ ದೃಷ್ಟಿಯಲ್ಲಿ ಚಂದನ ನಪುಂಸಕ, ದೀರ್ಘ ಯಾಕೆ ಅಂತ ಪಂಡಿತರು ಕೇಳಬಹುದು. ಹಾಜರಿ ಕೂಗುವುದು ಪಂಡಿತರಲ್ಲ.

ಫೋನಿನ ಪರೀಕ್ಷೆಯನ್ನೂ ಮಾಡಿ. ಹಳೆಯ ಮಾದರಿಯ ದೂರವಾಣಿ ಮಾರ್ಗ ಸುಮಾರು 300 ರಿಂದ 3400 ಹರ್ಟ್ಸ್ ನಡುವಿನ ಸದ್ದನ್ನು ಮಾತ್ರ ಸಾಗಿಸುತ್ತದೆ. 'ಸ'ಕಾರದ ಸೀಟಿಯಂಥ ಸದ್ದಿನ ಬಹುಪಾಲು ಅದಕ್ಕಿಂತ ಮೇಲಿರುತ್ತದೆ, ಅದು ದಾರಿಯಲ್ಲೇ ಉದುರುತ್ತದೆ. ಸ, ಶ, ಫ ಒಂದಕ್ಕೊಂದು ಅದಲುಬದಲಾಗುವುದು ಇದಕ್ಕೇ. ಮ ಮತ್ತು ನ ಕೂಡ ಗೊಂದಲ, ಮಿಶಾ ಅಂದರೆ ನಿಶಾ ಅಂತ ಕೇಳುತ್ತದೆ. ಈಚಿನ ಮೊಬೈಲ್ ಕರೆಗಳಲ್ಲಿ ಸದ್ದಿನ ಹರವು ಹೆಚ್ಚಾಗಿದೆ. ಆದರೂ ಗದ್ದಲದ ಬಸ್ಸಿನಲ್ಲಿ, ಆಸ್ಪತ್ರೆಯ ಕೌಂಟರಿನ ಗಾಜಿನ ತೂತಿನಲ್ಲಿ ಪರಿಸ್ಥಿತಿ ಇದೇ. ಎರಡೇ ಅಕ್ಷರದ ಹೆಸರಿನಲ್ಲಿ ಒಂದಕ್ಷರ ತಪ್ಪಿ ಕೇಳಿದರೆ ಪೂರ್ತಿ ಹೆಸರೇ ಬದಲಾಗುತ್ತದೆ. ಮೂರು ನಾಲ್ಕು ಅಕ್ಷರ ಇದ್ದರೆ ಉಳಿದವು ಸೇರಿ ಹೆಸರನ್ನು ಉಳಿಸಿಕೊಡುತ್ತವೆ. ಚಿಕ್ಕ ಹೆಸರೇ ಸುಲಭ ಅನ್ನುವವರಿಗೆ ಈ ಮಾತು.

ಹೆಸರಿನ ಸದ್ದಿನ ಬಗ್ಗೆ ತಲೆ ಕೆಡಿಸಿಕೊಂಡವರಲ್ಲಿ ನಾವೇನೂ ಮೊದಲಿಗರಲ್ಲ. ಮನೆಯ ಸಂಸ್ಕಾರಗಳ ವಿಧಿ ಹೇಳುವ ಹಳೆಯ ಗ್ರಂಥ ಪಾರಸ್ಕರ ಗೃಹ್ಯಸೂತ್ರದಲ್ಲಿ ಗಂಡು ಮಗುವಿಗೆ ಎರಡು ಅಥವಾ ನಾಲ್ಕು ಅಕ್ಷರದ ಹೆಸರು, ಮೊದಲಲ್ಲಿ ಘೋಷ ವ್ಯಂಜನ, ನಡುವೆ ಅಂತಸ್ಥ ಅಂದರೆ ಯ ರ ಲ ವ ಇರಲಿ ಅಂತ ಹೇಳಿದೆ. ಹೆಣ್ಣು ಮಗುವಿಗೆ ಬೆಸ ಸಂಖ್ಯೆಯ ಅಕ್ಷರ, ಕೊನೆಗೆ ಆಕಾರ. ಕಾರಣ ಅಲ್ಲಿ ಕೊಟ್ಟಿಲ್ಲ. ಆದರೆ ಗ, ಜ, ದ, ಬ ಮತ್ತು ಯ ರ ಲ ವ ಎಲ್ಲವೂ ಗಂಟಲಿನ ನಾದ ಇರುವ ವ್ಯಂಜನಗಳು, ಕೂಗಿದರೆ ಕೇಳುವಂಥವು. ಮನುಸ್ಮೃತಿ ಹೆಣ್ಣಿನ ಹೆಸರು ಸುಖವಾಗಿ ಉಚ್ಚರಿಸುವಂತಿರಲಿ, ದೀರ್ಘ ಸ್ವರದಲ್ಲಿ ಮುಗಿಯಲಿ ಅನ್ನುತ್ತದೆ. ಅದೇ ಗ್ರಂಥ ಇನ್ನೊಂದು ಕಡೆ ನದಿ, ಮರ, ನಕ್ಷತ್ರಗಳ ಹೆಸರಿರುವ ಹುಡುಗಿಯನ್ನು ಮದುವೆಯಾಗಬೇಡಿ ಅಂತಲೂ ಹೇಳುತ್ತದೆ. ನಮ್ಮ ನಾಡಿನ ಕಾವೇರಿ, ತುಂಗಾ, ಗಂಗಾ, ರೋಹಿಣಿ, ರೇವತಿಯರ ಮದುವೆ ನಿಂತದ್ದನ್ನು ಯಾರೂ ಕಂಡಿಲ್ಲ. ಶಾಸ್ತ್ರದಲ್ಲಿ ಯಾವುದನ್ನು ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು ಅನ್ನುವುದನ್ನು ಜನ ಮೊದಲಿನಿಂದಲೂ ತಾವೇ ನಿರ್ಧರಿಸಿಕೊಂಡಿದ್ದಾರೆ.

ನಕ್ಷತ್ರದ ಅಕ್ಷರದ ಪ್ರಶ್ನೆ ಖಂಡಿತ ಬರುತ್ತದೆ, ಈಗಲೇ ಮುಗಿಸೋಣ. 27 ನಕ್ಷತ್ರ, ಒಂದೊಂದಕ್ಕೆ 4 ಪಾದ, ಒಟ್ಟು 108 ಅಕ್ಷರ. ಅಶ್ವಿನಿಗೆ ಚು ಚೆ ಚೋ ಲ, ಮಖೆಗೆ ಮ ಮಿ ಮು ಮೆ, ಅನೂರಾಧಕ್ಕೆ ನ ನಿ ನು ನೆ. ಅನೂರಾಧದವರಿಗೆ ಹಬ್ಬ, ನೂರು ಹೆಸರು ಸಿಗುತ್ತವೆ. ಆರಿದ್ರೆಯ ಮೂರನೇ ಪಾದಕ್ಕೆ ಬಂದರೆ 'ಙ', ಹಸ್ತದ ಮೂರನೇ ಪಾದಕ್ಕೆ 'ಣ', ಉತ್ತರಾಭಾದ್ರದ ನಾಲ್ಕನೇ ಪಾದಕ್ಕೆ 'ಞ'. ಈ ಅಕ್ಷರಗಳಿಂದ ಶುರುವಾಗುವ ಪದವೇ ಕನ್ನಡದಲ್ಲಿ ಇಲ್ಲ. ಹೀಗಿರುವಾಗ ಕೆಲವರು ಹುಡುಕಿ ಹುಡುಕಿ ಯಾರಿಗೂ ಉಚ್ಚರಿಸಲಾಗದ ಹೆಸರು ಹೊಸದಾಗಿ ಕಟ್ಟುತ್ತಾರೆ. ಬೇಕಿಲ್ಲ. ಸಂಪ್ರದಾಯದಲ್ಲೇ ಇದಕ್ಕೆ ದಾರಿ ಇದೆ. ಜನ್ಮನಾಮ ಒಂದು, ವ್ಯವಹಾರನಾಮ ಇನ್ನೊಂದು. ಪಾದದ ಅಕ್ಷರದ ಹೆಸರನ್ನು ಪೂಜೆ, ಸಂಕಲ್ಪಕ್ಕೆ ಇಟ್ಟುಕೊಂಡು, ಕೂಗುವುದಕ್ಕೆ ಮತ್ತು ಬರೆಸುವುದಕ್ಕೆ ನಿಮಗೆ ಬೇಕಾದ್ದನ್ನು ಇಡಬಹುದು. ಹಿರಿಯರ ಹತ್ತಿರ ವಾದ ಬಂದಾಗ ಈ ಮಾತು ಹೇಳಿ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಪಟ್ಟಿಗಳ ಬಲಗಡೆಯ ಕಾಲಮ್ಮಿನ ಬಗ್ಗೆಯೂ ಒಂದು ಮಾತು. ಅಲ್ಲಿ ಕೊಟ್ಟ ಅರ್ಥ ನಿಘಂಟಿನಲ್ಲಿ ಇದೆಯಾ ಅಂತ ನೋಡದೆ ಯಾವ ಹೆಸರನ್ನೂ ಆರಿಸಬೇಡಿ. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟದ ನಿಘಂಟು ಯಾವುದೇ ದೊಡ್ಡ ಗ್ರಂಥಾಲಯದಲ್ಲಿ ಸಿಗುತ್ತದೆ, 1894ರಲ್ಲಿ ಬಂದ ಕಿಟ್ಟೆಲ್ ಕೋಶವೂ ಸಿಗುತ್ತದೆ. ಅನಿಕೇತ್ ಅಂದರೆ 'ಲೋಕದ ಒಡೆಯ' ಅಂತ ಬರೆದುಕೊಂಡಿರುತ್ತಾರೆ. ಪದದ ನೇರ ಅರ್ಥ 'ಮನೆಯಿಲ್ಲದವನು'. ಶಿವನಿಗೂ ಸನ್ಯಾಸಿಗೂ ಒಪ್ಪುವ ದೊಡ್ಡ ಮಾತು ಅದು, ತಿಳಿದು ಇಟ್ಟರೆ ಚೆಂದ. ತಿಳಿಯದೆ ಇಟ್ಟು, ಗೃಹಪ್ರವೇಶದ ದಿನ ಪುರೋಹಿತರಿಂದ ತಿಳಿದುಕೊಳ್ಳುವುದು ಬೇಡ. ಹಾಗೆಯೇ 'ಶಿವಾನ್ಶ್' ಅಂತ ಕನ್ನಡದಲ್ಲಿ ಬರೆಯುವುದನ್ನು ನೋಡುತ್ತಿದ್ದೇವೆ. ಅದು ಶಿವಾಂಶ, ಸೊನ್ನೆ ಹಾಕಿದರೆ ಸಾಕು. ಇಂಗ್ಲಿಷಿನಲ್ಲಿ ಓದಿದ್ದನ್ನು ಮತ್ತೆ ಕನ್ನಡಕ್ಕೆ ತಂದಾಗ ಆಗುವ ಎಡವಟ್ಟು ಇದು.

ಇಂಗ್ಲಿಷ್ ಕಾಗುಣಿತಕ್ಕೆ ಬಂದೆವು, ಇಲ್ಲಿ ಸ್ವಲ್ಪ ಹೊತ್ತು ಕೂರಬೇಕು. ದಕ್ಷಿಣದವರು 'ತ'ಗೆ ಟಿ-ಎಚ್ ಬರೆಯುತ್ತೇವೆ, 'ಟ'ಗೆ ಬರೀ ಟಿ. ಉತ್ತರದವರಿಗೆ ಬರೀ ಟಿ ಅಂದರೆ 'ತ', ಟಿ-ಎಚ್ ಅಂದರೆ 'ಥ'. ಹಾಗಾಗಿ ನಮ್ಮ ಕೀರ್ತನಾ ದೆಹಲಿಯಲ್ಲಿ ಕೀರ್ಥನಾ ಆಗುತ್ತಾಳೆ. ದೆಹಲಿ ದೂರ ಆಯಿತು, ಆಧಾರ್ ನೋಂದಣಿಯಲ್ಲಿ ಇಂಗ್ಲಿಷ್ ಹೆಸರು ತುಂಬಿದಾಗ ಕನ್ನಡದ ಹೆಸರನ್ನು ಯಂತ್ರವೇ ಊಹಿಸಿ ಹಾಕುತ್ತದೆ. ಅಲ್ಲೂ ಇದೇ 'ಥ' ಬಂದು ಕೂರುತ್ತದೆ. ಆಪರೇಟರ್ ಪರದೆಯನ್ನು ನಿಮ್ಮ ಕಡೆ ತಿರುಗಿಸಿ ಸರಿಯಾ ಅಂದಾಗ ನಾವು ಇಂಗ್ಲಿಷ್ ಸಾಲನ್ನೇ ನೋಡಿ ಹೂಂ ಅನ್ನುತ್ತೇವೆ. ಕನ್ನಡದ ಸಾಲು ನೋಡಿ, ತಪ್ಪಿದ್ದರೆ ಆಗಲೇ ತಿದ್ದಿಸಿ.

ಋ ಮತ್ತು ಜ್ಞ ಇರುವ ಹೆಸರಿಗೆ ಒಂದೇ ಕಾಗುಣಿತ ಅನ್ನುವುದು ಇಲ್ಲವೇ ಇಲ್ಲ. ನಾವು, ತೆಲುಗರು, ಮರಾಠಿಗರು ಋವನ್ನು 'ರು' ಅನ್ನುತ್ತೇವೆ. ಹಿಂದಿಯವರು 'ರಿ' ಅನ್ನುತ್ತಾರೆ. ಋತ್ವಿಕ್‌ಗೆ ಆರ್-ಯು ಹಾಕಬೇಕೋ ಆರ್-ಐ ಹಾಕಬೇಕೋ ಎರಡಕ್ಕೂ ಜನ ಇದ್ದಾರೆ. ಜ್ಞ ನಮ್ಮ ಬಾಯಲ್ಲಿ ಗ್ನ್ಯ, ಹಿಂದಿಯಲ್ಲಿ ಗ್ಯ, ಮರಾಠಿಯಲ್ಲಿ ದ್ನ್ಯ. ಪ್ರಜ್ಞಾ ಅನ್ನುವ ಒಂದು ಹೆಸರನ್ನು ಜೆ-ಎನ್, ಜಿ-ಎನ್, ಜಿ-ವೈ ಅಂತ ಮೂರು ಬಗೆಯಲ್ಲಿ ಬರೆದದ್ದನ್ನು ಒಂದೇ ಕಾಲೇಜಿನಲ್ಲಿ ಕಾಣಬಹುದು. ಹೆಸರು ಬಿಡಬೇಕು ಅಂತಲ್ಲ. ಇಂಥ ಹೆಸರು ಇಟ್ಟರೆ ಜೀವನಪೂರ್ತಿ ಕಾಗುಣಿತ ಹೇಳುತ್ತಿರಬೇಕು ಅನ್ನುವುದು ಗೊತ್ತಿರಲಿ. ಹೀಗೆ ಪರೀಕ್ಷಿಸಿ: ಐದು ಜನರಿಗೆ ಹೆಸರು ಬಾಯಲ್ಲಿ ಹೇಳಿ ಇಂಗ್ಲಿಷಿನಲ್ಲಿ ಬರೆಯಲು ಹೇಳಿ. ಒಬ್ಬರು ಅಜ್ಜಿಯೋ ತಾತನೋ, ಒಬ್ಬರು ಕನ್ನಡ ಬಾರದವರು ಆ ಐವರಲ್ಲಿ ಇರಲಿ. ನಾಲ್ವರು ಒಂದೇ ಥರ ಬರೆದರೆ ಅದೇ ನಿಮ್ಮ ಕಾಗುಣಿತ. ಐವರು ಐದು ಥರ ಬರೆದರೆ ಇನ್ನೊಮ್ಮೆ ಯೋಚಿಸಿ.

ಸಂಖ್ಯಾಶಾಸ್ತ್ರದವರು ಹೇಳಿದರು ಅಂತ ಒಂದು ಎ, ಒಂದು ಎಚ್, ಇನ್ನೊಂದು ವಿ ಸೇರಿಸುವವರಿಗೆ ನನ್ನ ಮಾತು ಕಹಿ ಅನಿಸಬಹುದು. ಸೇರಿಸಿದ ಅಕ್ಷರ ಸದ್ದು ಮಾಡುವುದಿಲ್ಲ. ಹಾಗಾಗಿ ಕೇಳಿ ಬರೆದುಕೊಳ್ಳುವ ಪ್ರತಿಯೊಬ್ಬರೂ ಅದನ್ನು ಬಿಡುತ್ತಾರೆ. ಶಾಲೆಯ ದಾಖಲೆಯಲ್ಲಿ ಒಂದು, ಆಧಾರ್‌ನಲ್ಲಿ ಒಂದು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನ್ನೊಂದು. ಮುಂದೆ ಪಾಸ್‌ಪೋರ್ಟ್ ಹೊತ್ತಿಗೆ ಅಫಿಡವಿಟ್ ಹಿಡಿದು ನೋಟರಿ ಹತ್ತಿರ ಓಡಾಡುವವರು ಸಂಖ್ಯಾಶಾಸ್ತ್ರದವರಲ್ಲ, ನಿಮ್ಮ ಮಗು.

ಹೊರದೇಶದಲ್ಲಿರುವ ಕನ್ನಡಿಗರ ಚಿಂತೆ ಬೇರೆ ರೀತಿ. ರಕ್ಷಿತ್, ಹರ್ಷಿತ್, ದೀಕ್ಷಿತ್ ಈ ಹೆಸರುಗಳನ್ನು ಉತ್ತರದ ಕಾಗುಣಿತದಲ್ಲಿ ಬರೆದರೆ ಕೊನೆಯ ನಾಲ್ಕು ಅಕ್ಷರ ಇಂಗ್ಲಿಷಿನವರ ಕಣ್ಣಿಗೆ ಏನಾಗಿ ಕಾಣುತ್ತದೆ ಅಂತ ಹೇಳಬೇಕಿಲ್ಲ. ಇಲ್ಲಿ ನಮ್ಮ ದಕ್ಷಿಣದ ಟಿ-ಎಚ್ ಕಾಪಾಡುತ್ತದೆ, ಕೊನೆಗೆ ಎಚ್ ಬಂದರೆ ಪದ ಕಣ್ಣಿಗೆ ಹೊಡೆಯುವುದಿಲ್ಲ. ಫಣೀಂದ್ರನನ್ನು 'ಫಣಿ' ಮಾಡಿದರೆ ಇಂಗ್ಲಿಷಿನಲ್ಲಿ ಅಸಭ್ಯ, ಪೂರ್ವಿ ಅಂದರೆ ಅವರಿಗೆ ಇನ್ನೊಂದು ಕೆಟ್ಟ ಪದ ಕೇಳುತ್ತದೆ. ಆದಿತ್ಯ, ಕೃಷ್ಣ, ಶಿವ ಮುಂತಾದ ಗಂಡು ಹೆಸರುಗಳ ಕೊನೆಯ 'ಎ' ನೋಡಿ ಹೆಣ್ಣು ಅಂದುಕೊಳ್ಳುವುದು ಅಲ್ಲಿ ಸಾಮಾನ್ಯ. ಲಲಿತಾ, ಗೀತಾ ಹೆಸರಿನ ಟಿ-ಎಚ್ ಅವರ ಬಾಯಲ್ಲಿ ಹಲ್ಲಿನ ನಡುವೆ ನಾಲಿಗೆ ತೂರಿ ಹೊರಡುವ ಸದ್ದಾಗುತ್ತದೆ. ಳ, ಣ ಬರುವುದೇ ಇಲ್ಲ. ಮೀರಾ, ಲೀಲಾ, ನೀನಾ, ರವಿ, ಮೋಹನ್, ಅರುಣ್ ಇವೆಲ್ಲ ಎರಡೂ ಕಡೆ ಹೆಚ್ಚು ಪೆಟ್ಟು ತಿನ್ನದೆ ಉಳಿಯುವ ಹೆಸರುಗಳು.

ಇದರ ತಿರುವುಮುರುವೂ ಇದೆ. ಅಲ್ಲಿ ಚೆನ್ನಾಗಿ ನಡೆಯುವ ಹೆಸರು ಇಟ್ಟು ಬೇಸಿಗೆ ರಜೆಗೆ ಊರಿಗೆ ಬಂದಾಗ ಏನಾಗುತ್ತದೆ? ನೋವಾ ಅಂತ ಕರೆದರೆ ತುಮಕೂರಿನ ಅಜ್ಜಿ 'ಎಲ್ಲಿ ನೋವು ಕಂದಾ' ಅಂತ ಓಡಿ ಬರುತ್ತಾರೆ. ಇವಾನ್ ಅಂದರೆ 'ಇವನಾ? ಇವನ ಹೆಸರೇನು?' ಅನ್ನುತ್ತಾರೆ. ಮಾಯಾ ಎಲ್ಲಿ ಅಂದರೆ ಮಾಯ ಆದಳು ಅನ್ನುವ ಹಾಸ್ಯ ಪ್ರತಿ ಮದುವೆಯಲ್ಲೂ ಬರುತ್ತದೆ. ಇವೆಲ್ಲ ಸಹಿಸಬಹುದಾದವು. 'ಹೇಲಿ' ಮಾತ್ರ ಯಾವ ಕನ್ನಡ ಮನೆಗೂ ಬೇಡ, ಅದಕ್ಕೆ ವಿವರಣೆ ಬೇಡ. ಬೆಂಗಳೂರಿನಂಥ ಊರಿನಲ್ಲಿ ಪಕ್ಕದ ಭಾಷೆಯನ್ನೂ ವಿಚಾರಿಸಿಕೊಳ್ಳಿ. 'ಮೈರಾ' ಈಗ ಜನಪ್ರಿಯ, ತಮಿಳರ ಕಿವಿಗೆ ಅದು ಕೂದಲಿನ ಹೆಸರಿನ ಬೈಗುಳದ ಹಾಗೆ ಕೇಳುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಒಬ್ಬ ತಮಿಳರು, ಒಬ್ಬ ತೆಲುಗರು, ಒಬ್ಬ ಹಿಂದಿಯವರು ಇದ್ದೇ ಇರುತ್ತಾರೆ, ಕೇಳಿದರೆ ನಗುತ್ತಲೇ ಹೇಳುತ್ತಾರೆ.

ಇಷ್ಟೆಲ್ಲ ಕೇಳಿ ಯಾವ ಹೆಸರೂ ಉಳಿಯಲಿಲ್ಲವಲ್ಲ ಅಂತ ಗಾಬರಿಯಾಗಿದ್ದರೆ ಇನ್ನೊಂದು ಮಗ್ಗುಲನ್ನೂ ಹೇಳುತ್ತೇನೆ. ಕನ್ನಡದಲ್ಲಿ 'ಸಾಯಿ' ಅಂದರೆ ಏನು? ಬೈಗುಳದಲ್ಲೇ ಬರುವ ಕ್ರಿಯಾಪದ. ಆದರೆ ಸಾಯಿ ಪ್ರಸಾದ್, ಸಾಯಿ ಪಲ್ಲವಿ ಅಂದಾಗ ನಿಮ್ಮಲ್ಲಿ ಯಾರಿಗೂ ಅದು ಹೊಳೆಯುವುದಿಲ್ಲ. ಶಿರಡಿಯ ಭಕ್ತಿ ಆ ಸದ್ದನ್ನು ಪೂರ್ತಿ ತೊಳೆದುಬಿಟ್ಟಿದೆ. ಚಿತ್ರದುರ್ಗದ ಕಡೆ ಹೋಗಿ, ತಿಪ್ಪೇಸ್ವಾಮಿ, ತಿಪ್ಪೇಶ, ತಿಪ್ಪಮ್ಮ ಬೀದಿಗೊಬ್ಬರು ಸಿಗುತ್ತಾರೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಹೆಸರು ಅದು, ಆ ಸೀಮೆಯಲ್ಲಿ ಯಾರಿಗೂ ತಿಪ್ಪೆ ನೆನಪಾಗುವುದಿಲ್ಲ. ಹುಟ್ಟಿದ ಕೂಸುಗಳು ಉಳಿಯದ ಮನೆಯಲ್ಲಿ ಬೇಕೆಂದೇ ಕಲ್ಲಪ್ಪ, ಗುಂಡಪ್ಪ, ಅಡಿವೆಪ್ಪ ಅಂತ ಒರಟು ಹೆಸರು ಇಡುತ್ತಿದ್ದರು, ದೃಷ್ಟಿ ತಾಗದಿರಲಿ ಅಂತ. ಆ ಹೆಸರು ಹೊತ್ತವರು ಊರ ಗೌಡರಾದರು, ಮೇಷ್ಟರಾದರು, ಹೆಸರೂ ಅವರ ಜೊತೆ ಗೌರವ ಪಡೆಯಿತು. ಒಂದು ಸೀಮೆಯಲ್ಲಿ, ಒಂದು ಸಮುದಾಯದಲ್ಲಿ ರೂಢಿಯಾಗಿರುವ ಹೆಸರಿಗೆ ಸದ್ದಿನ ದೋಷ ಹುಡುಕಬೇಡಿ.

ಹಾಗಾದರೆ ಯಾವುದಕ್ಕೆ ಚಿಂತೆ ಮಾಡಬೇಕು? ನನ್ನ ಪ್ರಕಾರ, ಹೇಳಿದಾಗಲೆಲ್ಲ 'ಏನಂದ್ರಿ?' ಅಂತ ಕೇಳಿಸಿಕೊಳ್ಳುವ ಹೆಸರು, ಮೊಟಕು ಮಾಡಿದ ಕೂಡಲೇ ಬೈಗುಳವಾಗುವ ಹೆಸರು, ದಾಖಲೆಗಳಲ್ಲಿ ಒಂದೇ ಥರ ನಿಲ್ಲದ ಹೆಸರು. ಮಿಕ್ಕ ದೋಷಗಳನ್ನು ಕಾಲವೇ ಸರಿಮಾಡುತ್ತದೆ. ಮಕ್ಕಳು ಪ್ರಾಸ ಕಟ್ಟಿ ಹಂಗಿಸುತ್ತಾರೆ ಅನ್ನುವ ಭಯವನ್ನಂತೂ ಬಿಟ್ಟೇಬಿಡಿ. ಪ್ರಾಸ ಕಟ್ಟಲಾಗದ ಹೆಸರು ಇನ್ನೂ ಹುಟ್ಟಿಲ್ಲ.

ಎರಡನೇ ಮಗುವಿನವರಿಗೆ ಒಂದು ಸಣ್ಣ ಮಾತು. ಅನನ್ಯ, ಅನಘ ಅಂತ ಅಕ್ಕತಂಗಿಯರಿಗೆ ಹೊಂದಿಸಿ ಇಡುವುದು ಚೆಂದ ಕಾಣುತ್ತದೆ, ಕೂಗಿದರೆ ಇಬ್ಬರೂ ಬರುತ್ತಾರೆ, ಇಲ್ಲವೇ ಇಬ್ಬರೂ ಬರುವುದಿಲ್ಲ. ಮೊದಲ ಅಕ್ಷರ ಬೇರೆ ಇರಲಿ, ಸ್ವರಗಳೂ ಬೇರೆ ಇರಲಿ. ಅವಳಿ ಮಕ್ಕಳಿಗಂತೂ ಒಂದೇ ಇನಿಷಿಯಲ್ ಬರುವ ಹಾಗೆ ಇಡಲೇಬೇಡಿ. ಹುಟ್ಟಿದ ದಿನ ಒಂದು, ತಂದೆ ತಾಯಿ ಒಂದು, ಹೆಸರಿನ ಮೊದಲಕ್ಷರವೂ ಒಂದು ಅಂದರೆ ಲಸಿಕೆಯ ಕಾರ್ಡು, ಔಷಧಿ ಚೀಟಿ ಅದಲುಬದಲಾಗುವುದು ಸುಲಭ. ಇನಿಷಿಯಲ್ ಅಂದಾಗ ನೆನಪಾಯಿತು, ಊರು ಮತ್ತು ತಂದೆಯ ಹೆಸರು ಸೇರಿ 'ಕೆ. ಡಿ.' ಬರುತ್ತದೆಯಾ ಅಂತ ನೋಡಿಕೊಳ್ಳಿ. 'ಕೇಡಿ' ಅಂತ ಕರೆಸಿಕೊಳ್ಳುವುದು ಯಾರಿಗೂ ಇಷ್ಟವಾಗುವುದಿಲ್ಲ.

ಈಗ ಬರೆಸುವ ಕೆಲಸ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, 1969ರ ಕಾಯ್ದೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆ ವರದಿಯನ್ನು ಆಸ್ಪತ್ರೆಯವರೇ ಕಳಿಸುತ್ತಾರೆ. ಇಲ್ಲಿ ಬಹಳ ಜನ ಒಂದು ತಪ್ಪು ತಿಳಿವಳಿಕೆಯಲ್ಲಿರುತ್ತಾರೆ, ಅಷ್ಟರೊಳಗೆ ಹೆಸರೂ ನಿರ್ಧಾರವಾಗಬೇಕು ಅಂತ. ಹಾಗಿಲ್ಲ. ಹೆಸರಿಲ್ಲದೆಯೇ ಜನನ ನೋಂದಣಿ ಆಗುತ್ತದೆ. ಆಮೇಲೆ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು, ಅದು ದಾಟಿದರೆ ತಡ ಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಬಹುದು. ಡಿಸ್ಚಾರ್ಜ್ ಗಡಿಬಿಡಿಯಲ್ಲಿ ಫಾರಂ ತುಂಬುವಾಗ ಯಾರೋ ಹೇಳಿದ ಹೆಸರು ಬರೆದುಬಿಡುವ ಅಗತ್ಯ ಏನೂ ಇಲ್ಲ. ನಾಮಕರಣ ಆಗಲಿ, ಒಂದೆರಡು ವಾರ ಮನೆಮಂದಿಯೆಲ್ಲ ಕೂಗಿ ನೋಡಲಿ, ಬಾಯಿಗೆ ಕೂತಿತು ಅನಿಸಿದ ಮೇಲೆ ಹೋಗಿ ಸೇರಿಸಿ. ಒಮ್ಮೆ ಸೇರಿಸಿದ ಮೇಲೆ ಅಕ್ಷರದೋಷ ತಿದ್ದಿಸುವುದಕ್ಕೆ ದಾರಿ ಇದೆ, ಹೆಸರನ್ನೇ ಬದಲಿಸುವುದು ದೊಡ್ಡ ಕೆಲಸ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಮೂಲ ದಾಖಲೆ. ಇಲ್ಲಿ ಏನು ಬಿತ್ತೋ ಅದು ಕೊನೆಯವರೆಗೂ ಹೋಗುತ್ತದೆ.

ಇನಿಷಿಯಲ್ ಹಾಕಿಸಬೇಡಿ, ಬಿಡಿಸಿ ಬರೆಸಿ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ. ಒಂದೇ ಪದದ ಹೆಸರನ್ನೂ ತಪ್ಪಿಸಿ. ಅಮೆರಿಕದ ವೀಸಾದಲ್ಲಿ ಅಂಥವರ ಒಂಟಿ ಹೆಸರು ಉಪನಾಮದ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ 'ಹೆಸರು ತಿಳಿಯದು' ಅನ್ನುವ ಅರ್ಥದ ಎಫ್-ಎನ್-ಯು ಬೀಳುತ್ತದೆ. ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರಿದ್ದವರಿಗೆ ಸಂಯುಕ್ತ ಅರಬ್ ಸಂಸ್ಥಾನ 2022ರ ನವೆಂಬರಿನಿಂದ ಪ್ರವಾಸಿ ವೀಸಾದಲ್ಲಿ ಪ್ರವೇಶ ನಿಲ್ಲಿಸಿತು. ಮಗುವಿನ ಹೆಸರು, ಜೊತೆಗೆ ತಂದೆಯದೋ ತಾಯಿಯದೋ ಊರಿನದೋ ಒಂದು ಪೂರ್ತಿ ಪದ ಇದ್ದರೆ ಸಾಕು. ಆ ಎರಡು ಪದ ಸೇರುವ ಜಾಗವನ್ನೂ ಗಟ್ಟಿಯಾಗಿ ಓದಿ ನೋಡಿ, 'ವಿಕಾಸ್ ಸಾಲಿಯಾನ್' ಅಂದಾಗ ಎರಡು 'ಸ' ಒಂದಾಗಿ 'ವಿಕಾ ಸಾಲಿಯಾನ್' ಅಂತ ಕೇಳುತ್ತದೆ.

ನೋಂದಣಿ ಕಚೇರಿಗೆ ಹೋಗುವಾಗ ಹೆಸರನ್ನು ಬಾಯಲ್ಲಿ ಹೇಳಬೇಡಿ. ಒಂದು ಚೀಟಿಯಲ್ಲಿ ಮೇಲೆ ಕನ್ನಡದಲ್ಲಿ, ಕೆಳಗೆ ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಬರೆದುಕೊಂಡು ಹೋಗಿ. ದೀರ್ಘ, ಒತ್ತು, ಸೊನ್ನೆ ಎದ್ದು ಕಾಣುವ ಹಾಗಿರಲಿ. ಪ್ರತಿ ಕೈಗೆ ಬಂದ ಮೇಲೆ ಕೌಂಟರ್ ಬಿಡುವ ಮೊದಲು ಕನ್ನಡದ ಸಾಲನ್ನು ಒಂದೊಂದೇ ಅಕ್ಷರ ಚೀಟಿಗೆ ಹಿಡಿದು ನೋಡಿ. ಆಮೇಲೆ ತಂದೆ ತಾಯಿಯ ಹೆಸರಿನ ಸಾಲನ್ನೂ ನೋಡಿ. ಮಗುವಿನ ಹೆಸರಿನ ಗಲಾಟೆಯಲ್ಲಿ ಹೆಚ್ಚಾಗಿ ತಪ್ಪು ಉಳಿದುಹೋಗುವುದು ಅಲ್ಲೇ.